ಶೆಟ್ಟಿಕೊಪ್ಪದ ಏರು ಹತ್ತಿದ ಇದ್ದಿಲ ಬಸ್ಸು

ಯುದ್ಧ ಎಲ್ಲೋ ನಡೆಯುತ್ತಿತ್ತು, ಪೆಟ್ರೋಲು ಮಾತ್ರ ನರಸಿಂಹರಾಜಪುರದಲ್ಲಿ ಮಾಯವಾಗಿತ್ತು. ಬಸ್ಸಿನ ಡ್ರೈವರ್ ಷಡಕ್ಷರಿ ಕೈಕಟ್ಟಿ ಕೂರುವ ಆಸಾಮಿಯಲ್ಲ. ಬಸ್ಸಿನ ಬೆನ್ನಿಗೆ ತಗಡಿನ ಒಲೆ ಕಟ್ಟಿ, ಇದ್ದಿಲು ಉರಿಸಿ, ಅದರ ಗ್ಯಾಸಿನಲ್ಲೇ ಇಂಜಿನ್ ಓಡಿಸಿದ. ಒಲೆಯ ಅಳತೆ ಬೆಂಗಳೂರಿನ ಪ್ರೊಫೆಸರರದು, ಗ್ಯಾಸು ಸೋಸುವ ಉಪಾಯ ಕಲ್ಕತ್ತದವರದು. ಅವರು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ್ದನ್ನು ಸೀತಾರಾಮ ಮೇಷ್ಟ್ರು ಕನ್ನಡದಲ್ಲಿ ಬಿಡಿಸಿ ಹೇಳಿದ್ದರು. ಕಲ್ಕತ್ತದವರು ಸೆಣಬು ಎಂದ ಕಡೆ ಷಡಕ್ಷರಿ ತೆಂಗಿನ ನಾರು ತುಂಬಿದ.

ಮಟ್ಟಸ ರಸ್ತೆಯಲ್ಲಿ ಬಸ್ಸು ಓಡಿತು. ಶೆಟ್ಟಿಕೊಪ್ಪದ ಏರು ಬಂದರೆ ಕೆಮ್ಮಿ ನಿಲ್ಲುತ್ತಿತ್ತು. ಆಗ ಜನ ಹೇಳಿಸಿಕೊಳ್ಳದೆ ಇಳಿದು, ಪಂಚೆ ಎತ್ತಿ ಕಟ್ಟಿ ತಳ್ಳುತ್ತಿದ್ದರು. ಟಿಕೆಟು ಕೊಂಡು ಬಸ್ಸು ತಳ್ಳುವ ಪುಣ್ಯ ಇನ್ಯಾವ ಊರಿಗಿತ್ತು!

ನಗು ಬಾರದವರೆಂದರೆ ಬಸ್ಸಿನ ಯಜಮಾನ ವೀರಪ್ಪನವರು. "ಸೋಮವಾರ ನಾನೇ ಬರ್ತೀನಿ. ಏರು ಹತ್ಲಿಲ್ಲ ಅಂದ್ರೆ ಯುದ್ಧ ಮುಗಿಯೋ ತನಕ ಬಸ್ಸು ಶೆಡ್ಡಲ್ಲೇ ಇರ್ಲಿ ಮಾರಾಯ."

ಆ ಒಲೆಯೆಂದರೆ ಷಡಕ್ಷರಿಗೆ ಪ್ರಾಣ. ಮೇಷ್ಟ್ರನ್ನು ಮನೆಗೆ ಕರೆದು ಆ ಇಂಗ್ಲಿಷ್ ಕಾಗದಗಳನ್ನು ಮತ್ತೆ ಓದಿಸಿದ.

"ಇದ್ದಿಲು ಚೆನ್ನಾಗಿ ಒಣಗಿರಬೇಕು ಅಂತ ಬರ್ದಿದಾರೆ," ಎಂದರು ಮೇಷ್ಟ್ರು.

"ಒಣಗೇ ಇದ್ಯಲ್ಲ! ಗೋದಾಮಿನಲ್ಲಿ ಒಂದು ಹನಿ ಸೋರಿಲ್ಲ."

ಕಾಫಿ ತಂದ ಹೆಂಡತಿ ಪ್ರೇಮಕ್ಕ ನಕ್ಕಳು. "ಈ ಮಳೆಗಾಲದಲ್ಲಿ ಮುಚ್ಚಿಟ್ಟ ಉಪ್ಪೇ ನೀರಾಗುತ್ತೆ. ನಿಮ್ಮ ಇದ್ದಿಲು ಸುಮ್ನಿರುತ್ತೇನ್ರೀ?"

ಮೇಷ್ಟ್ರು ತೊಡೆ ತಟ್ಟಿದರು. "ಹೌದಲ್ಲ! ಬೆಂಗಳೂರಿನ ಗಾಳಿಯೇ ಬೇರೆ."

ಅಂದೇ ಹಪ್ಪಳದ ಡಬ್ಬಿಗಳು ಕೆಳಗಿಳಿದು, ಅಡುಗೆ ಒಲೆಯ ಮೇಲಿನ ಅಟ್ಟಕ್ಕೆ ಇದ್ದಿಲ ಮೂಟೆಗಳು ಏರಿದವು. ಪ್ರೇಮಕ್ಕ ಬೈದಳು, ಬೆಂಕಿ ಮಾತ್ರ ಆರಲು ಬಿಡಲಿಲ್ಲ.

ಸೋಮವಾರ ಏರು ಬಂತು. ಷಡಕ್ಷರಿ ಮನೆದೇವರನ್ನು ನೆನೆದು ಗೇರು ಬದಲಿಸಿದ. ಬಸ್ಸು ನಿಧಾನವಾಗಿದ್ದೇ ತಡ, ಅಭ್ಯಾಸಬಲದಿಂದ ಎಲ್ಲರೂ ದಬದಬ ಇಳಿದರು. ವೀರಪ್ಪನವರೂ ಇಳಿದು ಪಂಚೆ ಕಟ್ಟಿದರು. ಆದರೆ ಕೈ ಹಚ್ಚಲು ಬಸ್ಸೇ ಇರಲಿಲ್ಲ! ಅದು ಒಂದೇ ಉಸಿರಿಗೆ ಏರು ಹತ್ತುತ್ತಿತ್ತು. ಜನ ಕೂಗುತ್ತ ಹಿಂದೆ ಓಡಿದರು.

"ನಿಲ್ಸೋ ಮಾರಾಯ!" ಯಜಮಾನರು ಏದುಸಿರು ಬಿಟ್ಟರು. "ಖಾಲಿ ಬಸ್ಸು ಹತ್ತಿದ್ರೆ ಆಯ್ತೇನೋ?"

ಷಡಕ್ಷರಿ ರಿವರ್ಸಿನಲ್ಲಿ ಏರಿನ ಬುಡಕ್ಕೇ ಬಂದ. "ಹತ್ತಿ ಸಾವ್ಕಾರ್ರೇ. ಈ ಸಲ ಯಾರೂ ಇಳಿಯೋ ಹಾಗಿಲ್ಲ."

ತುಂಬಿದ ಬಸ್ಸು ಹೊರಟಿತು. ಏರಿನಲ್ಲಿ ಒಮ್ಮೆಯೂ ಕೆಮ್ಮಲಿಲ್ಲ. ಏರಿನ ತುದಿ ದಾಟಿದಾಗ ವೀರಪ್ಪನವರು ಕಟ್ಟಿದ್ದ ಪಂಚೆಯನ್ನು ಮೆಲ್ಲಗೆ ಇಳಿಬಿಟ್ಟರು.

ಷಡಕ್ಷರಿ ಹಿಂದಿನ ಸೀಟಿನಲ್ಲಿದ್ದ ಮೇಷ್ಟ್ರ ಕಡೆ ತಿರುಗಿದ. "ಮೇಷ್ಟ್ರೇ, ಆ ಪ್ರೊಫೆಸರ್ರಿಗೆಲ್ಲ ಬರೀರಿ," ಎಂದ, "ನಿಮ್ಮ ಒಲೆ ಉರೀತಿದೆ. ಮಲೆನಾಡಲ್ಲಿ ಅದಕ್ಕೊಂದು ಅಟ್ಟ ಬೇಕು ಅಂತ."