ಹಬ್ಬವಿಲ್ಲದ ವರ್ಷದ ಕಾರು

ತಮ್ಮ ಕಾರಿನ ಎಂಜಿನ್ ಒಳಗೆ ಟಕಟಕನೆ ಬಡಿದುಕೊಳ್ಳುವುದಕ್ಕೆ ನಿನ್ನ ಕೆಟ್ಟ ಕೆಲಸವೇ ಕಾರಣವೆಂದು ನಿಂಗೇಗೌಡರು ಬೆಟ್ಟದಪುರದ ಟೀ ಅಂಗಡಿಯೆದುರು ಮೆಕ್ಯಾನಿಕ್ ಕುಳ್ಳಯ್ಯನನ್ನು ಬಾಯಿಗೆ ಬಂದಂತೆ ಬೈದರು. ಅವನು ಆ ಹಳೆಯ ಕಾರಿನ ಬಾನೆಟ್ ಎತ್ತಿ, ಆಯಿಲ್ ಅಳೆಯುವ ಕಡ್ಡಿಯನ್ನು ಒರೆಸಿ ಅದ್ದಿ ತೆಗೆದ. ಕಡ್ಡಿ ಒಣಗಿತ್ತು.

“ಆಯಿಲೇ ಇಲ್ವಲ್ಲಾ ಗೌಡ್ರೇ, ಅದ್ಕೇ ಬಡೀತದೆ. ವರ್ಷಾವರ್ಷ ಆಯುಧಪೂಜೆಗೆ ಮುಂಚೆ ಬದಲಾಯಿಸೋಕೆ ಗಾಡಿ ತರ್ತಿದ್ರಿ. ಈ ಸಲ?”

ಹೆಂಡತಿ ತೀರಿಕೊಂಡ ವರ್ಷ ಹಬ್ಬ ಮಾಡಬಾರದೆಂದು ಗೌಡರು ಪೂಜೆ ಬಿಟ್ಟಿದ್ದರು. ಅದರೊಂದಿಗೆ ಆಯಿಲನ್ನೂ ಮರೆತಿದ್ದರು.

“ಸೂತಕ ಎಂಜಿನ್ನಿಗೂ ಬಂತಾ?” ಎಂದು ಅಂಗಡಿಯಲ್ಲಿ ಯಾರೋ ನಕ್ಕರು.

“ಸುಮ್ಕಿರ್ಲಾ! ಅಮ್ಮಾವ್ರು ಹೋದ ವರ್ಷ ಕಣ್ಲಾ ಇದು,” ಎಂದು ಕುಳ್ಳಯ್ಯ ಗದರಿದ.

ಬೈಸಿಕೊಂಡವನೇ ತಮ್ಮ ಮಾನ ಕಾಯುತ್ತಿದ್ದುದನ್ನು ಕಂಡು ಗೌಡರು ತಲೆ ತಗ್ಗಿಸಿದರು. “ತಪ್ಪಾಯ್ತಪ್ಪಾ” ಎಂದರು, ಆ ದನಿ ಕುಳ್ಳಯ್ಯನಿಗೂ ಸರಿಯಾಗಿ ಕೇಳಿಸಲಿಲ್ಲ.