ಐದು ಗಂಟೆಗೆ ಅಗುಳಿ ಬಿದ್ದ ಬಾಗಿಲು

"ಇದು ಜಾಹೀರಾತಾ, ಜೋಗುಳಾನಾ?" ಎಂದು ಮ್ಯಾನೇಜರು ಹಾಳೆಯನ್ನು ಮೇಜಿನ ಮೇಲೆ ಕುಕ್ಕಿದರು.

ರೇಡಿಯೋ ಕೇಂದ್ರದಲ್ಲಿ ಅವಳಿಗೆ ಕತೆಪುಟ್ಟಿ ಎಂದೇ ಹೆಸರು. ಅಜ್ಜಿಯ ಕತೆಗಳನ್ನು ಉಂಡೇ ಬೆಳೆದವಳು. ಹವಾಮಾನ ವರದಿ ಬರೆಯಲು ಕೊಟ್ಟರೂ ಮೋಡಕ್ಕೊಬ್ಬ ಸೋದರಮಾವನನ್ನು ಹುಡುಕಿ ಕೊಡುವವಳು. ಮೂರು ತಿಂಗಳು ಕೆಲಸ ನೋಡಿ ಆಮೇಲೆ ಖಾಯಂ ಮಾಡುತ್ತೇವೆ ಎಂದಿದ್ದರು. ಇನ್ನು ಎರಡೇ ವಾರ ಬಾಕಿ. ಈಗ ಕೈಗೆ ಬಂದದ್ದು ಹೆಣ್ಣುಮಕ್ಕಳ ಕಾಲೇಜೊಂದರ ಮೂವತ್ತು ಸೆಕೆಂಡಿನ ಜಾಹೀರಾತು. ಗ್ರಂಥಾಲಯ ಬರೆದಿದ್ದಳು, ಪ್ರಯೋಗಾಲಯ ಬರೆದಿದ್ದಳು, ಅಂಗಳದಲ್ಲಿ ನೆರಳು ಚೆಲ್ಲುವ ಮರವನ್ನೂ ಬಿಟ್ಟಿರಲಿಲ್ಲ.

"ಮರ ನೋಡಿ ಯಾರೂ ಅರ್ಜಿ ಹಾಕಲ್ಲಮ್ಮ. ಭಯ ಹಾಕು, ಭಯ! ಕೇಳಿದವರು ಕೈಲಿದ್ದ ತುತ್ತು ಬಿಟ್ಟು ಓಡಬೇಕು. ಇವತ್ತೇ ಕೊನೆ ದಿನ ಅಂತ ಬರಿ."

"ಕೊನೆ ದಿನ ತಿಂಗಳ ಕೊನೆಗಲ್ವಾ ಸಾರ್?"

"ಅದು ಕಾಲೇಜಿಗೆ. ರೇಡಿಯೋಗೆ ಇವತ್ತು ಸಂಜೆ ಐದು."

"ಯಾವಳಾದ್ರೂ ನಿಜ ಅಂತ ನಂಬಿ, ಐದಾಗೋಯ್ತು ಅಂತ ಕೈಚೆಲ್ಲಿ ಕೂತ್ರೆ?"

"ನಾಳೆ ಮತ್ತೆ ಇವತ್ತೇ ಕೊನೆ ಅಂತೀವಲ್ಲ!" ಎಂದು ಅವರು ಹೊಟ್ಟೆ ಕುಣಿಸಿ ನಕ್ಕರು. ಅವಳಿಗೆ ನಗು ಬರಲಿಲ್ಲ.

ಭಯ ಬರೆಯುವುದೇನು ಅವಳಿಗೆ ಹೊಸತೇ? ಅಜ್ಜಿಯ ಕತೆಯ ರಾಕ್ಷಸಿ ಎಂದೂ ಹೊಸ್ತಿಲು ದಾಟಿದವಳಲ್ಲ. ಹೊಸ್ತಿಲಾಚೆ ಉಸಿರು ಬಿಡುತ್ತ ನಿಲ್ಲುತ್ತಿದ್ದಳು, ಅಷ್ಟೇ. ಕದ ಕಿರ್ರೆಂದರೆ ಸಾಕು, ಮಕ್ಕಳು ಹೊದಿಕೆಯೊಳಗೆ ಮುದುಡಿಕೊಳ್ಳುತ್ತಿದ್ದರು. ಕತೆಪುಟ್ಟಿ ಮರ ಕಡಿದಳು, ಗ್ರಂಥಾಲಯ ಕೆಡವಿದಳು, ಬಯಲಾದ ಜಾಗದಲ್ಲಿ ಒಂದೇ ಒಂದು ಬಾಗಿಲನ್ನು ನಿಲ್ಲಿಸಿದಳು.

"ಕೇಳಿಸಿತೇ? ಬಾಗಿಲೊಂದು ಮುಚ್ಚುತ್ತಿದೆ. ಇಂದು ಸಂಜೆ ಐದಕ್ಕೆ ಅಗುಳಿ ಬೀಳುತ್ತದೆ. ಒಳಗಿದ್ದವರು ಒಳಗೆ. ಹೊರಗಿದ್ದವರು ಹೊರಗೇ. ಮಗಳೇ, ನೀನೆಲ್ಲಿದ್ದೀಯ?"

ಆಮೇಲೆ ಕಾಲೇಜಿನ ಹೆಸರು, ಫೋನ್ ನಂಬರು. ನಂಬರು ಕಾಲೇಜಿನಿಂದ ಇನ್ನೂ ಬಂದಿರಲಿಲ್ಲ. ಆದರೆ ಯಾವುದಾದರೂ ಆರು ಅಂಕಿಗಳನ್ನು ಎರಡು ಸಲ ಓದದ ಹೊರತು ಸ್ಟಾಪ್‌ವಾಚಿಗೆ ಸರಿಯಾದ ಅಳತೆ ಸಿಗದು. ತಡವರಿಸದೆ ಅವಳ ಬಾಯಿಗೆ ಬರುವ ನಂಬರು ಲೋಕದಲ್ಲಿ ಒಂದೇ, ಮನೆಯದು. ಎಲ್ಲ ಕರಡುಗಳಲ್ಲೂ ಅದನ್ನೇ ಬರೆದು, ಕೆಳಗೆ ಕೆಂಪು ಗೆರೆ ಎಳೆಯುವುದು ಅವಳ ರೂಢಿ. ಬದಲಿಸಬೇಕು ಎಂಬುದಕ್ಕೆ ಅದು ಗುರುತು. ಗೆರೆ ಕಾಗದದ ಮೇಲೆ ಕಾಣುತ್ತದೆ, ದನಿಯಲ್ಲಿ ಕೇಳಿಸುವುದಿಲ್ಲ ಎಂಬುದು ಮಾತ್ರ ಅವಳಿಗೆ ಹೊಳೆದಿರಲಿಲ್ಲ.

ಅಳತೆಗೆಂದು ಮೈಕಿನ ಮುಂದೆ ಓದಿದಳು. ಇಪ್ಪತ್ತೊಂಬತ್ತು ಸೆಕೆಂಡು. ಗಾಜಿನಾಚೆ ಕೂತು ಟೇಪು ಮಾಡಿಕೊಳ್ಳುತ್ತಿದ್ದ ರೆಕಾರ್ಡಿಂಗಣ್ಣ ತೋಳು ಉಜ್ಜಿಕೊಂಡ. "ಕೂದಲು ನೋಡು, ಹೇಗೆ ನೆಟ್ಟಗೆ ನಿಂತಿದೆ! ನಿನ್ನ ಬಾಯಿಗಿಷ್ಟು ಸಕ್ಕರೆ ಹಾಕ!" ಆ ಹೊಗಳಿಕೆಗೆ ಉಬ್ಬಿ, ಅವಳು ಊರಿನ ಆ ತುದಿಯ ಚಪ್ಪಲಿ ಅಂಗಡಿಗೆ ಹೊರಟಳು. ಅವರ ಜಾಹೀರಾತಿಗೂ ನಾಲ್ಕು ಸಾಲು ಬೇಕಾಗಿತ್ತು.

ನಾಲ್ಕೂಕಾಲಿಗೆ ಅಂಗಡಿಯವನ ರೇಡಿಯೋದಲ್ಲಿ ಬಾಗಿಲು ಕಿರ್ರೆಂದಿತು. ಅವಳದೇ ದನಿ.

"ಅಬ್ಬಬ್ಬ, ಇದ್ಯಾವ ದೆವ್ವದ ಮನೆ ಕಾಲೇಜಮ್ಮ!" ಎಂದ ಅಂಗಡಿಯವನು. ಅಷ್ಟರಲ್ಲಿ ನಂಬರು ಬಂತು. ಒಂದು ಸಲ. ಮತ್ತೊಂದು ಸಲ. ಅವಳ ಮನೆಯದೇ.

ಅಂಗಡಿಯ ಫೋನಿನಿಂದಲೇ ಮನೆಗೆ ಮಾಡಿದಳು. ಎಂಗೇಜು. ಕೇಂದ್ರಕ್ಕೆ ಮಾಡಿದಳು. ರೆಕಾರ್ಡಿಂಗಣ್ಣ ಎತ್ತಿದ.

"ಮ್ಯಾನೇಜರಿಗೆ ನಿನ್ನ ದನಿ ಹಿಡಿಸಿಬಿಡ್ತು ಕಣಮ್ಮ. ಇದಕ್ಕೆ ಬೇರೆಯವರ ದನಿ ಯಾಕೆ, ಇದನ್ನೇ ಹಾಕು ಅಂದ್ರು. ಎರಡು ಗಂಟೆಯಿಂದ ಇದು ಏಳನೇ ಸಲ."

"ನಿಲ್ಲಿಸಣ್ಣ! ಆ ನಂಬರು ನಮ್ಮನೇದು!"

"ಸತ್ತೆವು," ಎಂದ ಅವನು. "ತೆಗೀತೀನಿ. ನೀನು ಮನೆಗೆ ಓಡು."

ಮನೆಯಲ್ಲಿದ್ದದ್ದು ಅಜ್ಜಿ ಒಬ್ಬಳೇ. ಓದು ಬಾರದು, ಕಣ್ಣೂ ಮಂಜು. ಅಮ್ಮ ಕೆಲಸದಿಂದ ಬರುವುದು ಏಳಕ್ಕೆ. ಬಸ್ಸು ಸಿಗ್ನಲ್ಲಿಗೊಂದು ನಿದ್ದೆ ತೆಗೆಯುತ್ತ ಸಾಗಿತು. ಎದುರು ಸೀಟಿನ ಹುಡುಗಿ ಮತ್ತೆ ಮತ್ತೆ ಗಡಿಯಾರ ನೋಡುತ್ತಿದ್ದಳು. ಇವಳೂ ಕೇಳಿಸಿಕೊಂಡಳೇ? ಹೊರಗಿದ್ದವರು ಹೊರಗೇ. ತಾನೇ ಬರೆದ ಸಾಲು ಹಿಂದಿನ ಸೀಟಿನಲ್ಲಿ ಕೂತು ಕತ್ತಿನ ಮೇಲೆ ಉಸಿರು ಬಿಡುತ್ತಿತ್ತು. ಚೌಕದ ಗಡಿಯಾರ ಐದು ಹೊಡೆದಾಗ ಅವಳು ಕಿವಿ ಮುಚ್ಚಿಕೊಂಡಳು.

ಐದೂಕಾಲಿಗೆ ಮನೆ ಸೇರಿದಾಗ ಅಜ್ಜಿ ಫೋನಿನ ಪಕ್ಕ ಸ್ಟೂಲು ಹಾಕಿಕೊಂಡು ಕೂತಿದ್ದಳು. ಗಂಟಲು ಬಿದ್ದುಹೋಗಿತ್ತು.

"ಬಂದ್ಯಾ? ಏನೇ ಇದು, ಊರ ಹೆಣ್ಣುಮಕ್ಕಳೆಲ್ಲ ಬಾಗಿಲು ಬಾಗಿಲು ಅಂತ ಅಳ್ತಿದ್ದಾರೆ! ಮೂವತ್ತೊಂದು ಜನ. ನೀರು ಕುಡಿಯೋಕೂ ಬಿಡ್ಲಿಲ್ಲ."

"ನೀನೇನಂದೆ ಅಜ್ಜಿ?"

"ಇನ್ನೇನಂತೀನಿ? ಯಾವ ಬಾಗಿಲೂ ಮುಚ್ಚಲ್ಲ ಮಗಳೇ, ಊಟ ಮಾಡಿ ಮಲಗು, ನಾಳೆ ತಲೆ ಬಾಚ್ಕೊಂಡು ಕಾಲೇಜಿಗೇ ಹೋಗಿ ಕೇಳು ಅಂದೆ. ಸುಳ್ಳು ಹೇಳಿದ್ನೇನೋ. ಅಳೋ ಮಕ್ಕಳ ಹತ್ರ ನಿಜ ಹುಡುಕ್ತಾ ಕೂರೋಕಾಗುತ್ತಾ?"

ಓದಿದ ಮೊಮ್ಮಗಳು ಬರೆದದ್ದು ಸುಳ್ಳು, ಓದದ ಅಜ್ಜಿ ಕಟ್ಟಿ ಹೇಳಿದ್ದೇ ನಿಜ. ಕತೆಪುಟ್ಟಿ ನಗಬೇಕೋ ಅಳಬೇಕೋ ತಿಳಿಯದೆ ಗೋಡೆಗೆ ಒರಗಿದಳು.

"ಕೊನೆಯವಳು ಮಾತ್ರ..." ಅಜ್ಜಿಯ ದನಿ ಇಳಿಯಿತು. "ಈಗಷ್ಟೇ, ಐದು ಹೊಡೆದು ಒಂದ್ಹತ್ತು ನಿಮಿಷಕ್ಕೆ. ಎರಡು ಗಂಟೆಯಿಂದ ಮಾಡ್ತಿದ್ದಳಂತೆ, ಲೈನೇ ಸಿಗ್ಲಿಲ್ವಂತೆ. ಇವತ್ತು ಸೀಟು ಸಿಗದಿದ್ರೆ ನಾಳೆಯಿಂದ ಕಾರ್ಖಾನೆಗೆ ನಡಿ ಅಂದಿದ್ದಾರಂತೆ ಅಪ್ಪ. ಅಗುಳಿ ಬಿದ್ದಾಯ್ತು ಬಿಡಿ ಅಜ್ಜಿ ಅಂದ್ಲು. ನಾನು ಬಾಯಿ ತೆರೆಯೋದ್ರೊಳಗೆ ಇಟ್ಟೇಬಿಟ್ಲು."

"ಹೇಗಿತ್ತು ದನಿ?"

"ದನಿ ಎಲ್ಲಿತ್ತೇ? ಬಾವಿಯೊಳಗಿಂದ ಬಂದ ಹಾಗಿತ್ತು."

ಬಾವಿ. ಆ ಒಂದು ಮಾತಿಗೆ ಕತೆಪುಟ್ಟಿ ಗೋಡೆ ಬಿಟ್ಟು ನೆಟ್ಟಗೆ ನಿಂತಳು. ಅವಳ ಹೆಸರಿಲ್ಲ, ಬೀದಿ ತಿಳಿಯದು, ನಂಬರಿಲ್ಲ. ಅವಳನ್ನು ತಲುಪುವ ದಾರಿ ಒಂದೇ, ಅವಳನ್ನು ಹೆದರಿಸಿದ ದಾರಿ.

ರೆಕಾರ್ಡಿಂಗಣ್ಣನಿಗೆ ಫೋನ್ ಮಾಡಿದಳು. "ಆರು ಗಂಟೆ ವಾರ್ತೆಗೆ ಮುಂಚೆ ಜಾಗ ಇದ್ಯಾ ಅಣ್ಣ?"

"ಇದೆ. ನಿನ್ನ ಕೆಲಸ ಇರಲ್ಲ, ಅಷ್ಟೇ."

"ಫೋನಲ್ಲೇ ಹೇಳ್ತೀನಿ, ರೆಕಾರ್ಡ್ ಮಾಡ್ಕೋತೀಯಾ?"

"ಹೇಳು ಮಾರಾಯ್ತಿ, ಬೇಗ ಹೇಳು."

ಸಾಮಾನಿನ ಚೀಟಿಯ ಹಿಂದೆ ಗೀಚಿದಳು, ಹೊಡೆದುಹಾಕಿದಳು, ಮತ್ತೆ ಗೀಚಿದಳು. ಇಡೀ ಬೆಳಿಗ್ಗೆ ತಿದ್ದಿದ್ದಕ್ಕಿಂತ ಹೆಚ್ಚು ಈ ಮೂರು ನಿಮಿಷದಲ್ಲಿ ತಿದ್ದಿದಳು. ಚೀಟಿ ಹಿಡಿದು ಫೋನಿನಲ್ಲಿ ಓದಿದಳು:

"ಐದು ಹತ್ತಕ್ಕೆ ಫೋನ್ ಇಟ್ಟ ಮಗಳೇ, ಬಾಗಿಲು ಮುಚ್ಚಿಲ್ಲ. ಮುಚ್ಚುತ್ತದೆ ಎಂದವಳು ನಾನೇ, ಅದು ಸುಳ್ಳು. ತಿಂಗಳ ಕೊನೆಯವರೆಗೂ ಅರ್ಜಿ ತೆಗೆದುಕೊಳ್ಳುತ್ತಾರೆ. ಅದೇ ನಂಬರಿಗೆ ಇನ್ನೊಂದು ಸಲ ಮಾಡು."

ಕೆಳಗೆ ಅದೇ ಆರು ಅಂಕಿಗಳು. ಈ ಸಲ ಕೆಂಪು ಗೆರೆ ಎಳೆಯಲಿಲ್ಲ.

ಆರಕ್ಕೆ ಒಂದು ನಿಮಿಷವಿರುವಾಗ ಅದು ಪ್ರಸಾರವಾಯಿತು. ಆರು ಮೂರಕ್ಕೆ ಫೋನು ಕಿರುಚಿತು. ಮ್ಯಾನೇಜರು.

"ನನ್ನ ರೇಡಿಯೋದಲ್ಲೇ ನನ್ನನ್ನ ಸುಳ್ಳುಗಾರ ಮಾಡ್ತೀಯಾ? ಆ ರೆಕಾರ್ಡಿಂಗಿನವನನ್ನ ಆಮೇಲೆ ವಿಚಾರಿಸ್ಕೋತೀನಿ. ನೀನು ನಾಳೆಯಿಂದ ಈ ಕಡೆ ತಲೆ ಹಾಕಬೇಡ!"

"ಆಯ್ತು ಸಾರ್. ಲೈನು ಬಿಡಿ ಸಾರ್, ಒಂದು ಫೋನ್ ಬರೋದಿದೆ."

ಬರಲಿಲ್ಲ. ಆರೂಕಾಲಾಯಿತು. ಆರೂವರೆಯಾಯಿತು. ಅಜ್ಜಿ ಯಾವ ಕತೆಯನ್ನೂ ಹೇಳಲಿಲ್ಲ. ಮೊಮ್ಮಗಳ ತಣ್ಣನೆಯ ಬೆರಳುಗಳನ್ನು ಮುಷ್ಟಿಯಲ್ಲಿಟ್ಟುಕೊಂಡು ಕೂತಿದ್ದಳು. ಆ ಹುಡುಗಿಯ ಮನೆಯಲ್ಲಿ ರೇಡಿಯೋ ಆರಿಸಿಬಿಟ್ಟಿದ್ದರೆ? ಮನೆಯಲ್ಲೇ ಇಲ್ಲದಿದ್ದರೆ?

ಆರು ನಲವತ್ತಕ್ಕೆ ಫೋನು ಒಂದು ಸಲ ಬಡಿದು ನಿಂತಿತು. ಮತ್ತೆ ಬಡಿಯಿತು.

"ಎತ್ತೇ," ಎಂದಳು ಅಜ್ಜಿ.

ಕತೆಪುಟ್ಟಿ ಎತ್ತಿದಳು. ಆ ಕಡೆ ಬರೀ ಉಸಿರು, ಹೊಸ್ತಿಲಾಚೆ ಯಾರೋ ನಿಂತ ಹಾಗೆ. ಆಮೇಲೆ ಸಣ್ಣದೊಂದು ದನಿ:

"ಅಜ್ಜಿ ಇದ್ದಾರಾ?"

"ಇದ್ದಾರೆ," ಎಂದಳು ಕತೆಪುಟ್ಟಿ. ರಿಸೀವರನ್ನು ಅಜ್ಜಿಯ ಕಿವಿಗೆ ಹಿಡಿದು, ಎಲ್ಲಿ ಜಾರಿಬಿಡುತ್ತದೋ ಎಂಬಂತೆ ಎರಡೂ ಕೈಯಿಂದ ಬಿಗಿಯಾಗಿ ಒತ್ತಿಕೊಂಡು ನಿಂತಳು.