ಪಕ್ಕದ ಮನೆಗೆ ಬರುವ ನೀರು

ಸಮುದ್ರ ಏರುತ್ತಿದೆಯೆಂಬುದನ್ನು ನಂಬದವರು ಆ ಬೀದಿಯಲ್ಲಿ ಒಬ್ಬರೂ ಇರಲಿಲ್ಲ. ಸಮೀಕ್ಷೆಯವಳು ಮೊದಲ ಪ್ರಶ್ನೆ ಮುಗಿಸುವಷ್ಟರಲ್ಲಿ ಹೌದು ಹೌದೆಂದು ತಲೆಯಾಡಿಸುತ್ತಿದ್ದರು. ಫಜೀತಿಯೆಲ್ಲ ಎರಡನೆಯದರಲ್ಲಿ: ನೀರು ನಿಮ್ಮ ಮನೆಗೆ ಬರುತ್ತದೆಯೇ? ಅರ್ಧಕ್ಕಿಂತ ಹೆಚ್ಚು ಜನ ಹೌದೆಂದರೆ ನಗರಸಭೆ ಎಲ್ಲರಿಗೂ ಗುಡ್ಡದ ಮೇಲೆ ಮನೆ ಕೊಡುತ್ತಿತ್ತು.

"ನಮಗೇನಾಗುತ್ತೆ? ಪಾಪ, ಪಕ್ಕದ ಮನೆ ಮೇಷ್ಟ್ರದ್ದೇ ಚಿಂತೆ," ಎಂದ ದರ್ಜಿ. ಅವನು ಹೊಲಿಗೆ ಯಂತ್ರ ತುಳಿದಾಗಲೆಲ್ಲ ಕಾಲ ಕೆಳಗೆ ನೀರು ಬುಳುಕೆನ್ನುತ್ತಿತ್ತು. ಹೊರಗೆ ಸುಡುವ ಬಿಸಿಲು. ಉಬ್ಬರದ ನೀರು ಚರಂಡಿಯೊಳಗಿಂದ ಉಕ್ಕಿ ಬಂದಿತ್ತು.

ಮೇಷ್ಟ್ರು ಕುರ್ಚಿಯ ಮೇಲೆ ಕಾಲು ಮಡಚಿ ಕೂತು ಪೇಪರು ಓದುತ್ತಿದ್ದರು. "ಆ ದರ್ಜಿಗೆ ಯಾರಾದ್ರೂ ಬುದ್ಧಿ ಹೇಳ್ಬೇಕಮ್ಮ," ಎಂದರು. ಅವರ ಚಪ್ಪಲಿ ಬಾಗಿಲ ಕಡೆಗೆ ತೇಲಿಹೋಗುತ್ತಿತ್ತು. ಸಮೀಕ್ಷೆಯವಳು ಗಾಬರಿಯಿಂದ ಅದರತ್ತ ಕೈ ತೋರಿಸಹೋದಳು. ಆದರೆ ಕೇಳುವವರು ಉತ್ತರ ಹೇಳಿಕೊಡಬಾರದೆಂಬ ನಿಯಮ ಬಾಯಿಗೆ ಬೀಗ ಹಾಕಿತ್ತು.

ಕೊನೆಯ ಮನೆ ಅವಳ ಅಕ್ಕನದು. ಒಳಕೋಣೆಯಲ್ಲಿ ಎಳೆಗೂಸು ಮಲಗಿತ್ತು. ಅಕ್ಕನನ್ನೂ ಕೂಸನ್ನೂ ಇಲ್ಲಿಂದ ಹೊರಡಿಸಿಯೇ ತೀರಬೇಕೆಂದು ಅವಳು ಈ ಬೀದಿಯನ್ನು ಕೇಳಿ ಪಡೆದಿದ್ದಳು. ನಿಯಮ ಹಾಳಾಗಲಿ.

"ಅಕ್ಕಾ, ಕೆಳಗೆ ನೋಡೇ. ಮೊಣಕಾಲುದ್ದ ನೀರು."

ಟೀ ಹಿಡಿದು ನೀರಲ್ಲೇ ನಡೆದು ಬಂದ ಅಕ್ಕ ಬಗ್ಗಿ ನೋಡಿದಳು. "ಎಲ್ಲೇ? ಚಿಕ್ಕವಳಿದ್ದಾಗಿಂದ ನಿಂದು ಇದೇ ಆಯ್ತು, ನೆರಳು ಕಂಡ್ರೂ ಹೌಹಾರೋದು. ಸುಸ್ತಾಗಿದೀಯ. ಕಾಲು ಮೇಲಿಟ್ಕೊಂಡು ಆರಾಮಾಗಿ ಕೂತ್ಕೋ."

ಬೆಳಗಿನಿಂದ ಅಲೆದು ಕಾಲು ಬಿದ್ದುಹೋಗಿದ್ದವು. ಒಂದು ಗುಟುಕು ಕುಡಿದು ಮತ್ತೆ ಜಗಳಾಡೋಣವೆಂದು ಅವಳು ಕುರ್ಚಿಯಲ್ಲಿ ಕೂತು ಕಾಲು ಮೇಲಿಟ್ಟುಕೊಂಡಳು. ಟೀ ಬಿಸಿಯಾಗಿತ್ತು. ಅಕ್ಕ ದರ್ಜಿಯನ್ನೂ ಮೇಷ್ಟ್ರನ್ನೂ ಅಣಕಿಸಿ ತೋರಿಸಿದಳು. ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ಎಷ್ಟೋ ದಿನಗಳ ಮೇಲೆ ಅವಳಿಗೆ ಜೀವ ಹಗುರಾಯಿತು.

ಅಷ್ಟರಲ್ಲಿ ಮೇಲ್ವಿಚಾರಕರ ಫೋನು ಬಂತು.

"ನೀವು ಕಳಿಸಿದ ಉತ್ತರಗಳಲ್ಲಿ ಒಬ್ರೂ ಹೌದು ಅಂದಿಲ್ವಲ್ಲಮ್ಮ. ಹೋಗ್ಲಿ, ನೀವು ಕಣ್ಣಾರೆ ನೀರು ನೋಡಿದ್ರೆ ಹೇಳಿ, ಅಷ್ಟು ಸಾಕು. ನಾಳೇನೇ ಎಲ್ರನ್ನೂ ಗುಡ್ಡಕ್ಕೆ ಕರ್ಕೊಂಡು ಹೋಗ್ತೀವಿ."

ಅವಳಿಗೆ ಬೇಕಾದದ್ದೂ ಇದೇ. ಆತುರದಿಂದ ಕೆಳಗೆ ನೋಡಿದಳು. ಗುಡಿಸಿ ಒರೆಸಿದ ಒಣ ನೆಲ ಕಂಡಿತು. ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಇಷ್ಟು ಹೊತ್ತು ತಾನು ಹೆದರಿದ್ದು ಏತಕ್ಕೆಂದೇ ನೆನಪಾಗಲಿಲ್ಲ.

"ಇಲ್ಲೇನೂ ಇಲ್ಲ ಸಾರ್," ಎಂದಳು. "ಪಕ್ಕದ ಮನೇಲಿರಬಹುದು."

ಒಳಗೆ ಕೂಸಿನ ಮಂಚ ಗೋಡೆಗೆ ತಾಗಿ ಸದ್ದಾಯಿತು. ಸ್ವಲ್ಪ ತಡೆದು ಇನ್ನೊಮ್ಮೆ ತಾಗಿತು. ಅಕ್ಕತಂಗಿ ಇಬ್ಬರೂ ಮಾತು ನಿಲ್ಲಿಸಿ ಕಿವಿಗೊಟ್ಟರು. ಆಮೇಲೆ, ಪಾಪ ಎನ್ನುವಂತೆ, ಪಕ್ಕದ ಮನೆಯ ಕಡೆ ನೋಡಿದರು.